ಪುಸ್ತಕವೂ ಬೆಂಕಿಯೂ

ಹಳೆಯ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ಗ್ರಂಥವನ್ನು ಪ್ರತಿಮಾಡಿ ಮುಗಿಸಿದ ಲಿಪಿಕಾರನು ಕಡೆಯ ಗರಿಯಲ್ಲಿ, ಬೆನ್ನು ಬಾಗಿ ಕತ್ತು ನೊಂದು ಕಣ್ಣು ಸೋತ ತನ್ನ ಶ್ರಮವನ್ನು ಹೇಳಿಕೊಳ್ಳುತ್ತಾನೆ. ಇಷ್ಟು ಕಷ್ಟದಿಂದ ಬರೆದ ಪುಸ್ತಕವನ್ನು ನೀರಿನಿಂದಲೂ ಬೆಂಕಿಯಿಂದಲೂ ಇಲಿಗಳಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಬೇಕೆಂದು ಮುಂದಿನವರನ್ನು ಬೇಡುತ್ತಾನೆ. ಮೂರ್ಖನ ಕೈಗೆ ಕೊಡಬಾರದೆಂದೂ ಸೇರಿಸುತ್ತಾನೆ. ಪುಸ್ತಕದ ಶತ್ರುಗಳ ಪಟ್ಟಿ ನಮ್ಮ ಪೂರ್ವಿಕರಿಗೆ ಚೆನ್ನಾಗಿ ತಿಳಿದಿದ್ದಿತು. ಹುಳುವೂ ಇಲಿಯೂ ನಿಧಾನವಾಗಿ ತಿನ್ನುವ ಶತ್ರುಗಳು. ಅವು ತಿಂದು ಮುಗಿಸುವುದರೊಳಗೆ ಎಚ್ಚರಗೊಳ್ಳುವುದಕ್ಕೆ ಅವಕಾಶವುಂಟು. ಬೆಂಕಿ ಹಾಗಲ್ಲ. ಅದು ಒಂದು ರಾತ್ರಿಯಲ್ಲಿ ನೂರು ವರ್ಷದ ಕೂಡಿಕೆಯನ್ನು ಬೂದಿಮಾಡುತ್ತದೆ.

ಪುಸ್ತಕಗಳು ಸುಟ್ಟ ಕಥೆ ಲೋಕದಲ್ಲಿ ಬಹಳವಾಗಿವೆ. ಅವನ್ನು ಹೇಳಿ ನಿಟ್ಟುಸಿರು ಬಿಡುವುದು ಸುಲಭ. ನಾವು ಇಲ್ಲಿ ವಿಚಾರಮಾಡಬೇಕೆಂದಿರುವುದು ಬೇರೊಂದು ಪ್ರಶ್ನೆಯನ್ನು. ಸುಟ್ಟ ಮೇಲೆ ಪುಸ್ತಕದ ಉದ್ಯಮವು ಮತ್ತೆ ತಲೆಯೆತ್ತುವುದು ಹೇಗೆ? ಯಾವುದು ಬೂದಿಯಿಂದ ಎದ್ದು ಬರುತ್ತದೆ, ಯಾವುದು ಎಂದೆಂದಿಗೂ ಹೋಗಿಬಿಡುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಚಿತ್ರದುರ್ಗ ಸೀಮೆಯ ಒಂದು ಬಂಡೆಯ ಬಳಿಗೂ ಗಂಗಾತೀರದ ಒಂದು ಅಚ್ಚುಕೂಟಕ್ಕೂ ಹೋಗಿ ಬರೋಣ.

ಮೊಳಕಾಲ್ಮೂರು ತಾಲ್ಲೂಕು ಮಳೆ ಕಡಮೆಯಾದ, ಬಂಡೆ ಹೆಚ್ಚಾದ ಸೀಮೆ. ನೆರೆಯ ಚಳ್ಳಕೆರೆಯೂ ಅಂತಹುದೇ. ಮರದ ನೆರಳಿಗಿಂತ ಗುಂಡುಕಲ್ಲಿನ ನೆರಳೇ ಹೆಚ್ಚು ಸಿಕ್ಕುವ ಈ ನಾಡಿನಲ್ಲಿ, ಚಿನ್ನ ಹಗರಿಯ ಬದಿಯ ಬ್ರಹ್ಮಗಿರಿಯಲ್ಲಿ, ಹಳ್ಳಿಗರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದ ಒಂದು ಬಂಡೆಯುಂಟು. ಅದರ ಮೇಲಿನ ಗೆರೆಗಳು ಅಕ್ಷರಗಳೆಂಬುದನ್ನು ಆ ಜನರು ಹೆಸರಿನಿಂದಲೇ ಒಪ್ಪಿಕೊಂಡಿದ್ದರು. ಏನು ಬರೆದಿದೆಯೆಂಬುದು ಮಾತ್ರ ಯಾರಿಗೂ ತಿಳಿಯದು. 1892ರಲ್ಲಿ ಬಿ. ಎಲ್. ರೈಸರು ಅದನ್ನು ಕಂಡು, ಅದು ಮೌರ್ಯ ಚಕ್ರವರ್ತಿ ಅಶೋಕನ ಶಾಸನವೆಂದು ಲೋಕಕ್ಕೆ ತಿಳಿಸಿದರು. ಆಗಲೇ ಇನ್ನೂ ಎರಡು ಸಿಕ್ಕಿದುವು. ಒಂದು ಸಿದ್ದಾಪುರದಲ್ಲಿ, ‘ಎನುಮನ ತಿಮ್ಮಯ್ಯನ ಗುಂಡ್ಲು’ ಎಂಬ ಬಂಡೆಯ ಮೇಲೆ. ಹೆಸರು ಎಮ್ಮೆ ಕಾಯುವ ಒಬ್ಬ ತಿಮ್ಮಯ್ಯನದು. ಇನ್ನೊಂದು ಜಟಂಗಿ ರಾಮೇಶ್ವರದ ಬೆಟ್ಟದ ಮೇಲೆ. ರಾವಣನೊಡನೆ ಹೋರಾಡಿ ಜಟಾಯು ಬಿದ್ದ ಸ್ಥಳವೆಂದು ಜನರು ನಂಬುವ ಆ ಬೆಟ್ಟದಲ್ಲಿ, ದೇವಸ್ಥಾನದ ಎದುರಿಗಿರುವ ‘ಬಳೆಗಾರ ಗುಂಡಿ’ನ ಮೇಲೆ ಚಕ್ರವರ್ತಿಯ ಮಾತು ಕೆತ್ತಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಬಂಡೆಗೆ ಆ ಹೆಸರು ಬಂದಿತು. ಎಮ್ಮೆ ಕಾಯುವವನೂ ಬಳೆ ಮಾರುವವನೂ ಸಾಮ್ರಾಟನ ಗ್ರಂಥಕ್ಕೆ ಇಷ್ಟು ಕಾಲ ಕಾವಲಿದ್ದರೆಂದು ಹೇಳಬಹುದು.

ಈ ಶಾಸನವು ನಿಜವಾಗಿ ಒಂದು ಪತ್ರ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ದೇವಾನಾಂಪ್ರಿಯನ ಆಜ್ಞೆಯನ್ನು ಅವರಿಗೆ ಕಳುಹಿಸುತ್ತಾರೆ. ದೊಡ್ಡವರೇ ಆಗಲಿ ಸಣ್ಣವರೇ ಆಗಲಿ ಪ್ರಯತ್ನದಿಂದ ಶ್ರೇಯಸ್ಸನ್ನು ಪಡೆಯಬಹುದೆಂಬುದು ಅದರ ಮೊದಲ ಭಾಗದ ಸಾರ; ತಾಯಿತಂದೆಗಳ ಮಾತಿಗೆ ನಡೆಯಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ನಿಜವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಎರಡನೆಯದರ ಸಾರ. ಕಡೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮೀಲಿಪಿಯಲ್ಲಿದ್ದರೂ, ತಾನು ಲಿಪಿಕಾರನೆಂದು ಹೇಳುವ ಒಂದು ಮಾತನ್ನು ಆತನು ಬಲದಿಂದ ಎಡಕ್ಕೆ ಓದುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಭರತಖಂಡದ ವಾಯವ್ಯ ಗಡಿಯ ಲಿಪಿ. ಅಷ್ಟು ದೂರದ ವಿದ್ಯೆಯನ್ನು ಬಲ್ಲವನೊಬ್ಬನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈ ಬಂಡೆಗಳ ನಡುವೆ ಕುಳಿತು ಬರೆದನೆಂಬುದು ಯೋಚಿಸತಕ್ಕ ಮಾತು.

ನಮ್ಮ ಪ್ರಶ್ನೆಗೆ ಬೇಕಾದ ಅಂಶ ಇದರಲ್ಲಿ ಒಂದುಂಟು. ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ಮಾತನ್ನು ಮೂರು ಸಲ ಏಕೆ ಕೆತ್ತಿಸಬೇಕಾಗಿತ್ತು? ಉತ್ತರದೇಶದ ರೂಪನಾಥದಲ್ಲಿ ಇದೇ ಆಜ್ಞೆಯ ಪ್ರತಿಯಿದೆ. ಬಂಡೆಗಳ ಮೇಲೆ ಇದನ್ನು ಬರೆಯಿಸಬೇಕೆಂದೂ, ಅಧಿಕಾರಿಗಳು ತಮ್ಮ ಸೀಮೆಯಲ್ಲೆಲ್ಲ ಇದನ್ನು ಹರಡಬೇಕೆಂದೂ ಅಲ್ಲಿ ಹೇಳಿದೆ. ಕಲ್ಲು ಉಳಿಯುತ್ತದೆಂಬ ನಂಬಿಕೆಯಿದ್ದರೂ ಚಕ್ರವರ್ತಿಯು ಒಂದೇ ಕಲ್ಲನ್ನು ನಂಬಲಿಲ್ಲ. ಅದು ಒಳ್ಳೆಯದೇ ಆಯಿತು. ಜಟಂಗಿ ರಾಮೇಶ್ವರದ ಶಾಸನವು ಇಂದು ಬಹುಮಟ್ಟಿಗೆ ಸವೆದುಹೋಗಿದೆ. ಅದೊಂದೇ ಇದ್ದಿದ್ದರೆ ವಿದ್ವಾಂಸರು ಅಲ್ಲೊಂದು ಇಲ್ಲೊಂದು ಅಕ್ಷರವನ್ನು ಕೂಡಿಸಿ ಊಹೆಮಾಡಬೇಕಾಗಿತ್ತು. ಬ್ರಹ್ಮಗಿರಿಯ ಮತ್ತು ಸಿದ್ದಾಪುರದ ಪ್ರತಿಗಳು ಇದ್ದುದರಿಂದ ಸವೆದ ಪಂಕ್ತಿಗಳನ್ನು ಓದಿಕೊಳ್ಳುವುದು ಸಾಧ್ಯವಾಯಿತು. ಕಲ್ಲೂ ನಶಿಸುತ್ತದೆ, ಪ್ರತಿಯಿದ್ದರೆ ಮಾತು ನಶಿಸುವುದಿಲ್ಲ.

ಈಗ ಎರಡು ಸಾವಿರ ವರ್ಷಗಳನ್ನು ದಾಟಿ ಬಂಗಾಳಕ್ಕೆ ಹೋಗೋಣ. ಕಲ್ಕತ್ತೆಯಿಂದ ಸ್ವಲ್ಪ ಮೇಲಕ್ಕೆ, ಹೂಗ್ಲಿ ನದಿಯ ಪಡುವಣ ದಡದಲ್ಲಿ, ಶ್ರೀರಾಂಪುರವೆಂಬ ಊರಿದೆ. 1845ರವರೆಗೆ ಅದು ಡೇನರ ವಶದಲ್ಲಿದ್ದಿತು. ಇಂಗ್ಲಿಷ್ ಕಂಪೆನಿಯವರು ತಮ್ಮ ಸೀಮೆಯಲ್ಲಿ ಪಾದ್ರಿಗಳಿಗೆ ಎಡೆಗೊಡದೆ ಇದ್ದುದರಿಂದ, 1800ರಲ್ಲಿ ಮೂವರು ಇಂಗ್ಲಿಷರು ಅಲ್ಲಿ ಬಂದು ನೆಲಸಿದರು. ವಿಲಿಯಂ ಕೇರಿ ಮೊದಲು ಜೋಡು ಹೊಲಿಯುತ್ತಿದ್ದವನು. ಜಾಷುವಾ ಮಾರ್ಷ್‌ಮನ್ ಶಾಲೆಯ ಉಪಾಧ್ಯಾಯ. ವಿಲಿಯಂ ವಾರ್ಡ್ ಅಚ್ಚಿನ ಕೆಲಸದವನು. ಈ ಮೂವರ ಉದ್ದೇಶ ತಮ್ಮ ಮತದ ಪ್ರಚಾರ. ಆದರೆ ಆ ಉದ್ದೇಶಕ್ಕಾಗಿ ಅವರು ಕಟ್ಟಿದ ಅಚ್ಚುಕೂಟವು ನಮ್ಮ ದೇಶಭಾಷೆಗಳ ಮುದ್ರಣಕ್ಕೆ ದೊಡ್ಡ ಪಾಠಶಾಲೆಯಾಯಿತು. ಅದಕ್ಕೆ ಮುಖ್ಯ ಕಾರಣನು ಒಬ್ಬ ಬಂಗಾಳಿ ಲೋಹಕಾರ, ಪಂಚಾನನ ಕರ್ಮಕಾರ. 1778ರಲ್ಲಿ ಹೂಗ್ಲಿಯಲ್ಲಿ ಹಾಲ್‌ಹೆಡ್ಡನ ಬಂಗಾಳಿ ವ್ಯಾಕರಣಕ್ಕೆ ಚಾರ್ಲ್ಸ್ ವಿಲ್ಕಿನ್ಸನು ಅಕ್ಷರದ ಮೊಳೆಗಳನ್ನು ಮಾಡಿದಾಗ ಆತನ ಜೊತೆಯಲ್ಲಿ ದುಡಿದು ವಿದ್ಯೆಯನ್ನು ಕಲಿತವನು ಪಂಚಾನನ. ಆತನೂ ಆತನ ಅಳಿಯನಾದ ಮನೋಹರನೂ ಶ್ರೀರಾಂಪುರದಲ್ಲಿ ಒಂದೊಂದಾಗಿ ಲಿಪಿಗಳ ಮೊಳೆಗಳನ್ನು ಸಿದ್ಧಪಡಿಸಿದರು.

ಮೊಳೆ ತಯಾರಾಗುವ ರೀತಿಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಮುಂದಿನ ಕಥೆಯ ಮರ್ಮ ಅದರಲ್ಲಿದೆ. ಮೊದಲು ಗಟ್ಟಿಯಾದ ಉಕ್ಕಿನ ಕಡ್ಡಿಯ ತುದಿಯಲ್ಲಿ ಒಂದು ಅಕ್ಷರವನ್ನು ತಿರುಗುಮುರುಗಾಗಿ ಕೊರೆಯುತ್ತಾರೆ. ಇದಕ್ಕೆ ಪಂಚು ಎಂದು ಹೆಸರು. ಇದನ್ನು ತಾಮ್ರದ ಬಿಲ್ಲೆಯ ಮೇಲೆ ಇಟ್ಟು ಹೊಡೆದರೆ ಅಕ್ಷರದ ಆಕಾರದ ಹಳ್ಳ ಬೀಳುತ್ತದೆ. ಅದು ಎರಕದ ಅಚ್ಚು. ಆ ಅಚ್ಚಿನಲ್ಲಿ ಕಾಯಿಸಿದ ಸೀಸದ ಮಿಶ್ರಣವನ್ನು ಹುಯ್ದರೆ ಮೊಳೆ ಬರುತ್ತದೆ. ಪಂಚನ್ನು ಕೊರೆಯುವುದು ತಿಂಗಳುಗಳ ಕೆಲಸ. ಅಚ್ಚು ಕೈಯಲ್ಲಿದ್ದರೆ ಮೊಳೆ ಎರೆಯುವುದು ದಿನಗಳ ಕೆಲಸ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ದೊಡ್ಡದು ಚಿಕ್ಕದು ಎಂಬ ಎರಡು ರೂಪಗಳಾದರೆ ಬಹುಮಟ್ಟಿಗೆ ಸಾಕು. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತಕ್ಷರ ಬೇಕು. ಹೀಗೆ ನೂರಾರು ಪಂಚುಗಳು ಬೇಕು. ಒಂದು ದೇಶಭಾಷೆಯ ಪಂಚುಗಳ ಪೆಟ್ಟಿಗೆಯೆಂದರೆ ಹಲವು ಕುಶಲರ ಹಲವು ವರ್ಷಗಳ ಕಣ್ಣಿನ ಬೆಳಕು.

1812ನೆಯ ಇಸವಿ ಮಾರ್ಚಿ 11ರ ಸಂಜೆ ಶ್ರೀರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಇನ್ನೂರು ಅಡಿ ಉದ್ದದ ಆ ಕಟ್ಟಡದಲ್ಲಿ ಕಾಗದವೂ ಮೊಳೆಗಳೂ ಅಚ್ಚಾದ ಹಾಳೆಗಳೂ ಹಸ್ತಪ್ರತಿಗಳೂ ತುಂಬಿದ್ದುವು. ವಾರ್ಡನು ಕೂಡಲೆ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗಾಳಿಯಾಡದಂತೆ ಮಾಡಿ, ಮಾಳಿಗೆಯಲ್ಲಿ ತೂತು ಹೊಡೆಯಿಸಿ ಮೇಲಿನಿಂದ ನೀರು ಹುಯ್ಯಿಸಿದನು. ಕೆಲವು ಗಂಟೆಗಳ ಕಾಲ ಬೆಂಕಿಯು ಹಿಡಿತದಲ್ಲಿದ್ದಿತು. ಅಷ್ಟರಲ್ಲಿ ಯಾರೋ ಒಬ್ಬರು ನೆರವಾಗಬೇಕೆಂಬ ಆತುರದಲ್ಲಿ ಕಿಟಕಿಯನ್ನು ತೆಗೆದುಬಿಟ್ಟರು. ಗಾಳಿ ನುಗ್ಗಿತು, ಬೆಂಕಿ ಭುಗಿಲೆಂದು ಎದ್ದು ಕಟ್ಟಡವನ್ನೆಲ್ಲ ಆವರಿಸಿತು. ಬೆಂಕಿಗೆ ಕಾರಣವೇನೆಂಬುದು ಕಡೆಗೂ ಗೊತ್ತಾಗಲಿಲ್ಲ. ಕೇರಿಯು ಆಗ ಕಲ್ಕತ್ತೆಯಲ್ಲಿದ್ದನು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುವುದು ಅವನ ಕೆಲಸ. ಮಾರನೆಯ ದಿನ ಮಾರ್ಷ್‌ಮನ್ನನೇ ಹೋಗಿ ಅವನಿಗೆ ಸುದ್ದಿ ತಿಳಿಸಬೇಕಾಯಿತು.

ನಷ್ಟವು ಸುಮಾರು 10,000 ಪೌಂಡುಗಳೆಂದು ಲೆಕ್ಕಮಾಡಿದರು. ಪೂರ್ವದೇಶದ ಭಾಷೆಗಳ 14 ಬಗೆಯ ಮೊಳೆಗಳು ಕರಗಿಹೋದುವು. ಆದರೆ ಹಣದ ಲೆಕ್ಕಕ್ಕೆ ಸಿಕ್ಕದ ನಷ್ಟ ಹಸ್ತಪ್ರತಿಗಳದು. ಕೇರಿಯು ಬರೆದಿಟ್ಟಿದ್ದ ತೆಲುಗು ವ್ಯಾಕರಣವು ಸುಟ್ಟಿತು. ಪಂಜಾಬಿ ವ್ಯಾಕರಣದ ಬಹುಭಾಗ ಸುಟ್ಟಿತು. ರಾಮಾಯಣದ ಅನುವಾದದಲ್ಲಿ ಒಂದು ವರ್ಷದ ಕೆಲಸ ಸುಟ್ಟಿತು. ಕನ್ನಡಕ್ಕೆ ಮಾಡಿದ್ದ ಹೊಸ ಒಡಂಬಡಿಕೆಯ ಅನುವಾದವೂ ಸುಟ್ಟಿತು. ಇವೆಲ್ಲಕ್ಕಿಂತ ದೊಡ್ಡದಾಗಿ, ಸಂಸ್ಕೃತವನ್ನೂ ಅದರೊಡನೆ ಸಂಬಂಧವುಳ್ಳ ದೇಶಭಾಷೆಗಳನ್ನೂ ಒಟ್ಟಿಗೆ ಹೊಂದಿಸಿ ಆತನು ವರ್ಷಗಟ್ಟಲೆ ಶೇಖರಿಸಿದ್ದ ಬಹುಭಾಷಾ ನಿಘಂಟು ಒಂದು ಹಾಳೆಯೂ ಉಳಿಯದಂತೆ ಸುಟ್ಟುಹೋಯಿತು.

ಬೆಂಕಿ ಆರಿದ ಮೇಲೆ ವಾರ್ಡನು ಬೂದಿಯನ್ನೂ ಮಣ್ಣನ್ನೂ ಅಗೆಯಿಸಿದನು. ಕರಗಿ ಹರಿದು ಗಟ್ಟಿಯಾದ ಸೀಸದ ಮುದ್ದೆಗಳು ಸಿಕ್ಕಿದುವು. ಅವುಗಳ ಜೊತೆಗೆ, ಯಾರೂ ನಿರೀಕ್ಷಿಸದೆ ಇದ್ದ ಒಂದು ನಿಧಿ ಸಿಕ್ಕಿತು: ಉಕ್ಕಿನ ಪಂಚುಗಳೂ ತಾಮ್ರದ ಅಚ್ಚುಗಳೂ ಕೆಡದೆ ಹಾಗೆಯೇ ಇದ್ದುವು. ಸೀಸವನ್ನು ಕರಗಿಸುವ ಬೆಂಕಿಗೆ ಉಕ್ಕನ್ನು ಕರಗಿಸುವ ಬಲವಿರಲಿಲ್ಲ. ಐದು ಮುದ್ರಾಯಂತ್ರಗಳು ಪಕ್ಕದ ಕೋಣೆಯಲ್ಲಿದ್ದು ಉಳಿದಿದ್ದುವು. ನದಿಯ ಬದಿಯಲ್ಲಿ ಒಂದು ದೊಡ್ಡ ಉಗ್ರಾಣವು ಆಗತಾನೆ ಖಾಲಿಯಾಗಿದ್ದಿತು. ಕೂಡಲೆ ಎರಕದವರು ಕೆಲಸಕ್ಕೆ ಕುಳಿತರು. ಸುಟ್ಟ ಮೊಳೆಗಳ ಲೋಹವೇ ಹೊಸ ಮೊಳೆಗಳಾಯಿತು. ಕೆಲವೇ ತಿಂಗಳುಗಳಲ್ಲಿ ಒಂದರ ಮೇಲೊಂದು ಭಾಷೆಯ ಅಕ್ಷರಗಳು ಸಿದ್ಧವಾದುವು. ಅಚ್ಚುಕೂಟವು ಮತ್ತೆ ನಡೆಯಿತು.

ಸುದ್ದಿಯು ಹಡಗಿನಲ್ಲಿ ಇಂಗ್ಲೆಂಡಿಗೆ ಮುಟ್ಟುವುದಕ್ಕೆ ಸುಮಾರು ಆರು ತಿಂಗಳು ಹಿಡಿಯಿತು. ಅದುವರೆಗೆ ಶ್ರೀರಾಂಪುರದ ಹೆಸರನ್ನು ಕೇಳದಿದ್ದವರೂ ಮರುಗಿ ಹಣ ಕೊಟ್ಟರು. ಆಂಡ್ರೂ ಫುಲ್ಲರನ ಮುಂದಾಳುತನದಲ್ಲಿ ಸುಮಾರು ಎರಡೇ ತಿಂಗಳುಗಳಲ್ಲಿ ನಷ್ಟವೆಲ್ಲ ತುಂಬಿಬಂದಿತು. ಇನ್ನು ಸಾಕು ಎಂದು ಹೇಳಬೇಕಾಯಿತು. ಹತ್ತು ವರ್ಷಗಳ ದುಡಿಮೆಯಿಂದ ಬಾರದ ಕೀರ್ತಿಯನ್ನು ಒಂದು ರಾತ್ರಿಯ ಬೆಂಕಿ ತಂದುಕೊಟ್ಟಿತು. 1837ರಲ್ಲಿ ಮುಚ್ಚುವವರೆಗೂ ಆ ಅಚ್ಚುಕೂಟವು ನಡೆಯಿತು. 1800ರಿಂದ 1832ರವರೆಗೆ ಅಲ್ಲಿ 40 ಭಾಷೆಗಳಲ್ಲಿ 2,12,000 ಸಂಪುಟಗಳು ಅಚ್ಚಾದುವೆಂದು ಲೆಕ್ಕವಿದೆ. ಹುಳು ತಿನ್ನದ ಕಾಗದವನ್ನು ತಯಾರಿಸುವುದಕ್ಕೂ ಅವರು ಗಿರಣಿ ಹೂಡಿ, 1820ರಲ್ಲಿ ಅದಕ್ಕೆ ಉಗಿಯಂತ್ರವನ್ನು ತರಿಸಿದರು. ಬೆಂಕಿಯಿಂದ ಪಾಠ ಕಲಿತವರು ಗೆದ್ದಲನ್ನೂ ಮರೆಯಲಿಲ್ಲ.

ಕನ್ನಡಕ್ಕೆ ಏನಾಯಿತು? ಕಳೆದುಹೋದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡುವುದರ ಬಗ್ಗೆ ಕೇರಿಯು ತನ್ನ ಪತ್ರದಲ್ಲಿ ಬರೆದ ಮಾತಿನ ಭಾವ ಇದು: ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ಎಷ್ಟು ನೋವಿನದಾದರೂ ಮೊದಲಿಗಿಂತ ಸುಲಭವಾಗಿಯೂ ಖಚಿತವಾಗಿಯೂ ಸಾಗುತ್ತದೆ. ಈ ಮಾತನ್ನು ಅವನು ಮಾಡಿ ತೋರಿಸಿದನು. 1814ರಲ್ಲಿ ತೆಲುಗು ವ್ಯಾಕರಣವೂ 1817ರಲ್ಲಿ ಕನ್ನಡ ವ್ಯಾಕರಣವೂ ಶ್ರೀರಾಂಪುರದಲ್ಲಿ ಅಚ್ಚಾಗಿ ಹೊರಬಂದುವು. ಕನ್ನಡನಾಡನ್ನು ಕಾಣದವನು ಬಂಗಾಳದಲ್ಲಿ ಕುಳಿತು ಬರೆದ ಆ ವ್ಯಾಕರಣದಲ್ಲಿ ಕೊರತೆಗಳಿರಬಹುದು. ಆದರೆ ಕನ್ನಡ ಅಕ್ಷರಗಳು ಅಚ್ಚಿನ ಲೋಕಕ್ಕೆ ಕಾಲಿಟ್ಟ ಮೊದಲ ಹೆಜ್ಜೆಗಳಲ್ಲಿ ಅದು ಒಂದು. ಆ ಹೆಜ್ಜೆ ಬೂದಿಯ ಮೇಲಿನಿಂದ ಬಂದಿತು.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರದ ಮುಕ್ಕಾಲು ಪಾಲು ಸಿಕ್ಕುತ್ತದೆ. ಶ್ರೀರಾಂಪುರದಲ್ಲಿ ಮೊಳೆಗಳು ಮರಳಿ ಬಂದುವು, ಏಕೆಂದರೆ ಅವುಗಳ ಮೂಲವಾದ ಪಂಚುಗಳು ಉಳಿದಿದ್ದುವು. ವ್ಯಾಕರಣಗಳು ಮರಳಿ ಬಂದುವು, ಏಕೆಂದರೆ ಬರೆದವನ ತಲೆಯಲ್ಲಿ ಅವುಗಳ ಮೂಲ ಉಳಿದಿದ್ದಿತು. ಹಣ ಮರಳಿ ಬಂದಿತು, ಏಕೆಂದರೆ ಕೊಡುವವರಿದ್ದರು. ಆದರೆ ಆ ಬಹುಭಾಷಾ ನಿಘಂಟು ಮಾತ್ರ ಮರಳಿ ಬರಲೇ ಇಲ್ಲ. ಅದರ ಅಚ್ಚಿರಲಿಲ್ಲ, ಎರಡನೆಯ ಪ್ರತಿಯಿರಲಿಲ್ಲ. ಒಬ್ಬ ಮನುಷ್ಯನ ನೆನಪು ಹಿಡಿಯಲಾರದಷ್ಟು ಅದು ದೊಡ್ಡದು. ಲೋಕದಲ್ಲಿ ಒಂದೇ ಒಂದು ಎಂದು ಇದ್ದುದು ಹೋಯಿತು. ಎರಡನೆಯ ನೆಲೆಯುಳ್ಳದ್ದು ಉಳಿಯಿತು. ಬ್ರಹ್ಮಗಿರಿಯ ಬಂಡೆಗಳು ಹೇಳಿದ ಮಾತನ್ನೇ ಶ್ರೀರಾಂಪುರದ ಬೂದಿಯೂ ಹೇಳುತ್ತದೆ.

ಈ ಕೆಲಸವು ಮುಂದೆ ಬಂಗಾಳದಿಂದ ಕನ್ನಡನಾಡಿನ ಬಾಗಿಲಿಗೇ ಬಂದಿತು. ಮೊಳಕಾಲ್ಮೂರಿನ ನೆರೆಯ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು 1810ರಲ್ಲಿಯೇ ನೆಲಸಿದ್ದರು. ಅವರಲ್ಲೊಬ್ಬನಾದ ವಿಲಿಯಂ ರೀವನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಮದರಾಸಿನಲ್ಲಿ ಅಚ್ಚಾದುವು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗನು ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಮರುವರ್ಷ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಹೀಗೆ ಶ್ರೀರಾಂಪುರ, ಮದರಾಸು, ಬಳ್ಳಾರಿ, ಮಂಗಳೂರು ಎಂದು ಕನ್ನಡದ ಅಚ್ಚು ನಾಲ್ಕು ಕಡೆ ಬೇರೂರಿತು. ಒಂದು ಕಡೆ ಬೆಂಕಿ ಬಿದ್ದರೆ ಕನ್ನಡದ ಮುದ್ರಣವೇ ನಿಂತುಹೋಗುವ ಕಾಲ ಅಲ್ಲಿಗೆ ಮುಗಿಯಿತು.

ಆದರೆ ಅಚ್ಚಿಗೆ ಬಾರದ ಗ್ರಂಥಗಳ ಗತಿ ಬೇರೆ. 1897ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಮೈಸೂರಿನ ಹಳೆಯ ಅರಮನೆಗೆ ಬೆಂಕಿ ಬಿದ್ದುದು ಎಲ್ಲರೂ ಕೇಳಿರುವ ಸಂಗತಿ. ಬಹುಮಟ್ಟಿಗೆ ಮರದಿಂದಲೇ ಕಟ್ಟಿದ್ದ ಆ ಅರಮನೆ ಉರಿದುಹೋಗಿ, ಹೆನ್ರಿ ಇರ್ವಿನ್ನನ ನಕ್ಷೆಯಂತೆ ಹೊಸ ಅರಮನೆ ಎದ್ದು 1912ರಲ್ಲಿ ಮುಗಿಯಿತು. ಅರಮನೆಯನ್ನು ಹಣವಿದ್ದರೆ ಮತ್ತೆ ಕಟ್ಟಬಹುದು. ಆ ಬೆಂಕಿಗೆ ಆರು ವರ್ಷ ಮೊದಲು, 1891ರಲ್ಲಿ, ಸಂಸ್ಥಾನದವರು ಹಸ್ತಪ್ರತಿಗಳಿಗಾಗಿಯೇ ಒಂದು ಪ್ರಾಚ್ಯ ಪುಸ್ತಕಾಲಯವನ್ನು ಸ್ಥಾಪಿಸಿದ್ದರು. ಅದೇ ಪುಸ್ತಕಾಲಯದ ಓಲೆಗರಿಗಳಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಶತಮಾನಗಳಿಂದ ಹೆಸರು ಮಾತ್ರ ಕೇಳುತ್ತಿದ್ದ ಗ್ರಂಥವು ಒಂದು ಕಟ್ಟು ಗರಿಗಳಲ್ಲಿ ಉಳಿದುಕೊಂಡಿದ್ದಿತು. 1909ರಲ್ಲಿ ಅವರು ಮೂಲವನ್ನು ಅಚ್ಚುಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವು ಪುಸ್ತಕವಾಗಿ ಬಂದಿತು. ಅಚ್ಚಾದ ದಿನದಿಂದ ಆ ಗ್ರಂಥವನ್ನು ಯಾವ ಒಂದು ಬೆಂಕಿಯೂ ಅಳಿಸಲಾರದು. ಅದಕ್ಕೆ ಹಿಂದೆ ಒಂದು ದೀಪದ ಕುಡಿ ಸಾಕಾಗಿತ್ತು. ‘ಕವಿರಾಜಮಾರ್ಗ’ವೂ ‘ಪಂಪಭಾರತ’ವೂ 1898ರಲ್ಲಿ ಅಚ್ಚಾಗುವವರೆಗೆ ಇಂತಹುದೇ ಅಪಾಯದ ಅಂಚಿನಲ್ಲಿದ್ದುವೆಂಬುದನ್ನು ನೆನೆದರೆ ಕನ್ನಡಿಗರಿಗೆ ಮೈ ಝುಮ್ಮೆನ್ನಬೇಕು.

ಪ್ರತಿಗಳು ಹಲವಿದ್ದರೆ ಆಗುವ ಉಪಕಾರ ಇನ್ನೂ ಒಂದುಂಟು. ಅದನ್ನು ಚಳ್ಳಕೆರೆ ತಾಲ್ಲೂಕಿನವರು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆ ತಾಲ್ಲೂಕಿನ ತಳುಕು ಎಂಬ ಊರಿನ ಮನೆತನದಲ್ಲಿ 1885ರಲ್ಲಿ ಹುಟ್ಟಿದವರು ಟಿ. ಎಸ್. ವೆಂಕಣ್ಣಯ್ಯನವರು. ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದು 1939ರಲ್ಲಿ ತೀರಿಕೊಂಡ ಅವರಿಗೆ ಕುವೆಂಪು ಅವರು ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದಾರೆ. ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿಕೊಟ್ಟವರು ವೆಂಕಣ್ಣಯ್ಯನವರೇ. ಗ್ರಂಥ ಸಂಪಾದನೆಯೆಂದರೆ ಏನು? ಒಂದು ಓಲೆಯಲ್ಲಿ ಹುಳು ತಿಂದ ಅಕ್ಷರವನ್ನು ಇನ್ನೊಂದು ಓಲೆಯಲ್ಲಿ ಹುಡುಕುವುದು. ಒಬ್ಬ ಲಿಪಿಕಾರನು ತಪ್ಪಿದುದನ್ನು ಇನ್ನೊಬ್ಬನಿಂದ ತಿದ್ದಿಕೊಳ್ಳುವುದು. ಒಂದು ಊರಿನಲ್ಲಿ ಕಳೆದ ಗರಿಯನ್ನು ಮತ್ತೊಂದು ಊರಿನಿಂದ ತರುವುದು. ಜಟಂಗಿ ರಾಮೇಶ್ವರದ ಸವೆದ ಕಲ್ಲನ್ನು ಬ್ರಹ್ಮಗಿರಿಯ ಕಲ್ಲಿನಿಂದ ಓದಿದ ನ್ಯಾಯವೇ ಇದು. ಪ್ರತಿಗಳು ಒಂದನ್ನೊಂದು ಕಾಪಾಡುವುದಷ್ಟೇ ಅಲ್ಲ, ಒಂದನ್ನೊಂದು ಗುಣಪಡಿಸುತ್ತವೆ.

ಓದುಬರೆಹದ ಹೊರಗೂ ಇದೇ ನಿಯಮವು ನಡೆಯುತ್ತದೆ. ಚಳ್ಳಕೆರೆಯ ಕಡೆಯ ಗೊಲ್ಲರಹಟ್ಟಿಗಳಲ್ಲಿಯೂ ಬೇಡರ ಹಟ್ಟಿಗಳಲ್ಲಿಯೂ ವೀರರ ಕಥೆಗಳು ಬಾಯಿಂದ ಬಾಯಿಗೆ ಬಂದಿವೆ. ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಬಾಳಿದ ಸಿರಿಯಜ್ಜಿಯು ಅಕ್ಷರ ಬಾರದವಳು; ಆಕೆಯ ನೆನಪಿನಲ್ಲಿ ಸಾವಿರಾರು ಪದಗಳಿದ್ದುವು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡು ಗ್ರಂಥವಾಗಿಸಿದರು. ನೆನಪಿನ ಪುಸ್ತಕಕ್ಕೆ ಬೆಂಕಿಯ ಭಯವಿಲ್ಲವೆಂದು ನಾವು ಹೇಳುತ್ತೇವೆ. ಆದರೆ ಹಾಡುವವರು ತೀರಿಕೊಂಡಾಗ ಅದೂ ಒಂದು ಭಂಡಾರ ಉರಿದಂತೆಯೇ. ಕಲಿತ ಮೊಮ್ಮಕ್ಕಳಿದ್ದರೆ, ಬರೆದುಕೊಂಡ ವಿದ್ವಾಂಸರಿದ್ದರೆ, ಅದು ಎರಡನೆಯ ನೆಲೆಯನ್ನು ಪಡೆಯುತ್ತದೆ.

ನಮ್ಮ ಕಾಲದಲ್ಲಿ ಈ ಅಪಾಯಗಳು ಮುಗಿದುವೆಂದು ತಿಳಿಯತಕ್ಕದ್ದಲ್ಲ. 1981ರಲ್ಲಿ ಸಿಂಹಳದ್ವೀಪದ ಯಾಳ್ಪಾಣದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಟ್ಟಾಗ ಸುಮಾರು 97,000 ಗ್ರಂಥಗಳು ಹೋದುವು. ಕಟ್ಟಡವನ್ನು ಮತ್ತೆ ಕಟ್ಟಿದರು, ಅಚ್ಚಾದ ಪುಸ್ತಕಗಳನ್ನು ಮತ್ತೆ ಕೊಂಡರು. ತಮಿಳಿನ ಓಲೆಗರಿಗಳು ಮಾತ್ರ ಹೋದುದು ಹೋದುವೇ. ನಮ್ಮ ಮೈಸೂರಿನ ರಾಜೀವನಗರದಲ್ಲಿಯೇ 2021ರ ಏಪ್ರಿಲ್ 9ರ ಬೆಳಗಿನ ಜಾವ ಒಂದು ಸಣ್ಣ ಪುಸ್ತಕಾಲಯವು ಸುಟ್ಟುಹೋಯಿತು. ಒಳಚರಂಡಿಯ ಕೂಲಿಕೆಲಸ ಮಾಡುತ್ತಿದ್ದ, ತಾನು ಶಾಲೆಯ ಓದನ್ನು ಕಾಣದ ಒಬ್ಬ ವೃದ್ಧನು ತನ್ನ ನೆರೆಹೊರೆಯವರು ಓದಲೆಂದು ಕೂಡಿಸಿದ ಭಂಡಾರವದು. ಸುಮಾರು 11,000 ಪುಸ್ತಕಗಳು, ಅವುಗಳಲ್ಲಿ ಬಹುಪಾಲು ಕನ್ನಡದವು. ಸುದ್ದಿ ಹರಡಿದ ಕೂಡಲೆ ನಾಡಿನ ನಾನಾ ಕಡೆಗಳಿಂದ ಜನರು ಪುಸ್ತಕಗಳನ್ನೂ ಹಣದ ನೆರವನ್ನೂ ಮುಂದೆ ಮಾಡಿದರು. ಇಂಗ್ಲೆಂಡಿನ ಜನರು ಶ್ರೀರಾಂಪುರಕ್ಕೆ ಮಾಡಿದುದನ್ನೇ ಕನ್ನಡಿಗರು ಒಬ್ಬ ಕೂಲಿಕಾರನಿಗೆ ಮಾಡಿದರು. ಆ ಪುಸ್ತಕಗಳು ಅಚ್ಚಾದುವು; ಮನೆಮನೆಗಳಲ್ಲಿ ಅವುಗಳ ಜೊತೆಗಾರರಿದ್ದುವು. ಆದುದರಿಂದಲೇ ಕೊಡುವುದು ಸಾಧ್ಯವಾಯಿತು.

ಈ ದೃಷ್ಟಿಯಿಂದ ಹಳೆಯ ಪುಸ್ತಕದ ವ್ಯಾಪಾರಿಯ ಉಪಕಾರವನ್ನೂ ನಾವು ಎಣಿಸಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯ ಬದಿಯಲ್ಲಿ ಹಳೆಯ ಪುಸ್ತಕಗಳನ್ನು ರಾಶಿಹಾಕಿಕೊಂಡು ಕೂರುವವನಾಗಲಿ, 1945ರಲ್ಲಿ ಕೆ. ಬಿ. ಕೆ. ರಾಯರು ಆರಂಭಿಸಿದ ಸೆಲೆಕ್ಟ್ ಪುಸ್ತಕದಂಗಡಿಯಂತಹ ಅಪರೂಪ ಗ್ರಂಥಗಳ ಅಂಗಡಿಯವರಾಗಲಿ ಮಾಡುವ ಕೆಲಸವೇನು? ಯಜಮಾನನು ತೀರಿಕೊಂಡ ಮನೆಯಿಂದ ತೂಕಕ್ಕೆ ಹೊರಡುವ ಪುಸ್ತಕವು ಕಾಗದದ ಗಿರಣಿಗೆ ಅಥವಾ ನೀರೊಲೆಗೆ ಹೋಗದಂತೆ ತಡೆದು, ಅದನ್ನು ಬಯಸುವವನ ಮನೆಗೆ ಸೇರಿಸುತ್ತಾರೆ. ಒಂದು ಕಡೆ ಗುಡ್ಡೆಯಾಗಿದ್ದುದು ಹತ್ತು ಕಡೆ ಹಂಚಿಹೋಗುತ್ತದೆ. ಲಾಭಕ್ಕಾಗಿ ಮಾಡಿದರೂ ಅದು ವಿದ್ಯೆಯ ಸೇವೆಯೇ ಸರಿ. ಅಂತಹ ಅಂಗಡಿಗೆ ಬೆಂಕಿ ಬಿದ್ದರೆ ಅವರನ್ನು ಎತ್ತಿ ನಿಲ್ಲಿಸುವುದು ಅಲ್ಲಿ ಪುಸ್ತಕ ಕೊಂಡವರ ಋಣ.

ಇನ್ನು ನಮ್ಮ ಕೇಳುಗರಿಗೆ ಒಂದು ಮಾತು. ಚಳ್ಳಕೆರೆ ಮೊಳಕಾಲ್ಮೂರುಗಳ ಹಳ್ಳಿಗಳಿಂದ ಪಟ್ಟಣಕ್ಕೆ ಬಂದು ನೆಲಸಿದ ಮನೆತನಗಳು ನಿಮ್ಮಲ್ಲಿ ಇರಬಹುದು. ಊರಿನ ಹಳೆಯ ಮನೆಯ ಅಟ್ಟದ ಮೇಲೆ, ಅಡುಗೆಯ ಹೊಗೆ ತಾಗಿ ಹುಳು ಬೀಳದೆ ಇರಲೆಂದು ಹಿರಿಯರು ಇಟ್ಟ ಓಲೆಯ ಕಟ್ಟು ಒಂದೆರಡು ಉಳಿದಿರಬಹುದು. ಹುಳುವಿನಿಂದ ಕಾಪಾಡಿದ ಆ ಒಲೆಯೇ ಒಂದು ದಿನ ಅದನ್ನು ನುಂಗಬಹುದು. ಅದರಲ್ಲಿ ಏನಿದೆಯೆಂದು ತಿಳಿಯದಿದ್ದರೂ ಚಿಂತೆಯಿಲ್ಲ. ಅಕ್ಷರಗುಂಡಿನ ನೆರೆಯವರಿಗೂ ತಿಳಿದಿರಲಿಲ್ಲ. ಈಗ ಗರಿಗಳ ಚಿತ್ರ ತೆಗೆದುಕೊಳ್ಳುವುದು ಸುಲಭವಾಗಿದೆ. ಹಸ್ತಪ್ರತಿಗಳ ಪಟ್ಟಿಮಾಡಿ ರಕ್ಷಿಸುವುದಕ್ಕಾಗಿ 2003ರಲ್ಲಿ ಭಾರತ ಸರ್ಕಾರದವರು ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿದರು. ಚಿತ್ರವನ್ನು ಒಂದೇ ಯಂತ್ರದಲ್ಲಿ ಇಟ್ಟು ನಿಶ್ಚಿಂತರಾಗಬಾರದು. ಅದೂ ಒಂದೇ ಪ್ರತಿಯೇ. ಒಂದು ಮನೆಯಲ್ಲಿರಲಿ, ಒಂದು ವಿಶ್ವವಿದ್ಯಾನಿಲಯದಲ್ಲಿರಲಿ, ಒಂದು ಬೇರೆ ಜಿಲ್ಲೆಯ ನಂಟರ ಮನೆಯಲ್ಲಿರಲಿ. ಬಿಡುವಿನ ದಿನ ಊರಿಗೆ ಹೋದಾಗ ಅಟ್ಟಕ್ಕೆ ಏಣಿ ಹಾಕಿ ನೋಡಿ ಬನ್ನಿ.